ಹಿಂದಿನ ಬೆಂಚಿನಿಂದ: ನಾಲ್ಕನೇ ವಾರ

ಜಯನಗರದಲ್ಲಿ ಕಾಫಿ ಕುಡಿಯುತ್ತಾ ಶುರುವಾಗಿದ್ದು ಇದು. ನಾನು ಪಾಠ ಮಾಡುವುದು ಅರ್ಥಶಾಸ್ತ್ರ, ಗೆಳತಿ ಫಿಸಿಕ್ಸ್. ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗಿ ಹಿಂದೆ ಕೂರುವುದು, ಆಮೇಲೆ ಮಾತಾಡುವುದು, ಅಷ್ಟೇ. ಪ್ರಿನ್ಸಿಪಾಲರಿಗೆ ಒಂದಕ್ಷರವೂ ಹೋಗುವಂತಿಲ್ಲ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದ ದಿನ ನಾವೆಲ್ಲ ಹೇಗೆ ಪಾಠ ಮಾಡುತ್ತೇವೆ ಅಂತ ಗೊತ್ತಲ್ವಾ, ಆ ನಾಟಕ ಬೇಡ ಅಂತ.

ಮೊದಲ ವಾರ ಸುಮ್ನೆ ಹೋಯಿತು. ಏನು ನೋಡಬೇಕು ಅಂತ ಮೊದಲೇ ಮಾತಾಡಿರಲಿಲ್ಲ. ನಾನು ಎರಡು ಪುಟ ಬರೆದುಕೊಂಡು ಬಂದೆ, ಅರ್ಧ ‘ಚೆನ್ನಾಗಿತ್ತು’, ಇನ್ನರ್ಧ ಬೋರ್ಡ್ ಮೇಲಿನ ಅಕ್ಷರದ ಬಗ್ಗೆ. ಇದರಿಂದ ಅವಳೇನು ಮಾಡಬೇಕು?

ಎರಡನೇ ವಾರ ಅವಳು ಕೋಪಸ್ ಹಾಳೆ ತಂದಳು. 2013ರಲ್ಲಿ ಪ್ರಕಟವಾದ ವಿಧಾನ, ವಿಜ್ಞಾನದ ಕ್ಲಾಸುಗಳಿಗೆ ಅಂತ ಮಾಡಿದ್ದು. ಪ್ರತಿ 2 ನಿಮಿಷಕ್ಕೆ ಮೇಷ್ಟ್ರು ಏನು ಮಾಡುತ್ತಿದ್ದಾರೆ, ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ಗುರುತು ಹಾಕಬೇಕು. ಒಳ್ಳೆಯದು ಕೆಟ್ಟದ್ದು ಅಂತ ಎಲ್ಲೂ ಬರೆಯುವಂತಿಲ್ಲ, ನನಗೆ ಹಿಡಿಸಿದ್ದೇ ಅದು. ಅದರಲ್ಲಿರುವ 25 ಗುರುತು ನಮಗೆ ಜಾಸ್ತಿಯಾಯಿತು, 6 ಇಟ್ಟುಕೊಂಡೆವು.

ಮೂರನೇ ವಾರ ನನ್ನ ಸರದಿ. 50 ನಿಮಿಷ, ಹಾಳೆಯಲ್ಲಿ 25 ಮನೆ. ನಾನು ತುಂಬಾ ಪ್ರಶ್ನೆ ಕೇಳುವ ಟೀಚರ್ ಅಂದುಕೊಂಡಿದ್ದೆ, ಕೇಳಿದ್ದೂ ನಿಜ, ಆದರೆ ಉತ್ತರಕ್ಕೆ ಕಾದೇ ಇರಲಿಲ್ಲ. ಕೇಳಿ ಒಂದು ಸೆಕೆಂಡ್ ಆಗುವಷ್ಟರಲ್ಲಿ ಉತ್ತರ ನಾನೇ ಹೇಳಿಬಿಡುತ್ತಿದ್ದೆ. ಅವಳು ಬೈಯಲಿಲ್ಲ, ‘ಎಷ್ಟು ಹೊತ್ತು ಕಾದೆ ಅನ್ನಿಸಿತು?’ ಅಂತ ಕೇಳಿದಳು. ನಾನು ಐದು ಸೆಕೆಂಡ್ ಅಂದೆ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದಿದ್ದರಂತೆ, ಟೀಚರ್‌ಗಳು ಕಾಯುವುದು ಸುಮಾರು ಒಂದೇ ಸೆಕೆಂಡ್, ಅದನ್ನು ಮೂರು ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ನಾನೊಬ್ಬಳೇ ಅಲ್ಲ ಅಂತ ಸ್ವಲ್ಪ ಸಮಾಧಾನ.

ಇವತ್ತು ಅವಳು ಮತ್ತೆ ಬಂದು ಕೂತಿದ್ದಳು. ಬೆಲೆ ಏರಿದರೂ ಈರುಳ್ಳಿ ಯಾಕೆ ಕೊಳ್ಳುತ್ತೇವೆ ಅಂತ ಕೇಳಿ ಬಾಯಿ ಮುಚ್ಚಿಕೊಂಡೆ. ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ, ಮೈಯೆಲ್ಲಾ ಮುಜುಗರ. ಕೊನೆಗೆ ಹಿಂದಿನ ಬೆಂಚಿನ ಹುಡುಗ, ವರ್ಷವಿಡೀ ಬಾಯಿ ಬಿಡದವನು, ‘ಅದಿಲ್ದೆ ಸಾಂಬಾರ್ ಆಗಲ್ಲ ಮೇಡಂ, ಬೇರೆ ಏನ್ ಹಾಕೋದು?’ ಅಂದ. ಬದಲಿ ವಸ್ತು ಇಲ್ಲದಿದ್ದರೆ ಬೇಡಿಕೆ ಹೆಚ್ಚು ಕುಗ್ಗುವುದಿಲ್ಲ ಅನ್ನುವುದನ್ನು ನಾನು ಮೂರು ಸ್ಲೈಡಲ್ಲಿ ಹೇಳುವವಳಿದ್ದೆ.

ಆದರೆ ಹಾಳೆಯ ಪ್ರಕಾರ ಅರ್ಧ ಸಲ ಎರಡನೇ ಸೆಕೆಂಡಿಗೇ ನಾನು ಸೋತಿದ್ದೇನೆ. ಮುಂದಿನ ವಾರ ಅವಳ ಲ್ಯಾಬಿಗೆ ಹೋಗಬೇಕು, ಅದೇ ಹೊತ್ತಿಗೆ ನನಗೂ ಕ್ಲಾಸಿದೆ. ಪೀರಿಯಡ್ ಬದಲಾಯಿಸಿಕೊಳ್ಳಲು ಯಾರನ್ನಾದರೂ ಕೇಳಬೇಕು.