ಕೋಲಿಗೆ ಸಿಗುವಷ್ಟು ಅಂಚು

ಇಂಗ್ಲೆಂಡಿನ ನಮ್ಮ ಮನೆಯ ಮುಂದಿನ ಜಾಗದಲ್ಲಿ ಕಾರು ನಿಲ್ಲಿಸಿಕೊಳ್ಳಲು, ಫುಟ್‌ಪಾತಿನ ಅಂಚುಗಲ್ಲನ್ನು ತಗ್ಗಿಸಿಕೊಡಬೇಕೆಂದು ಕೌನ್ಸಿಲ್‌ಗೆ ಅರ್ಜಿ ಹಾಕಿದ್ದೆವು. ಅನುಮತಿ ಬಂದ ವಾರ ಪಕ್ಕದ ಮನೆಯ ವೃದ್ಧೆಯೊಬ್ಬರು ಆಡಿದ ಮಾತು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಅವರಿಗೆ ಕಣ್ಣು ಬಹುಪಾಲು ಕಾಣುವುದಿಲ್ಲ. ಬಿಳಿ ಕೋಲು ಹಿಡಿದು ಒಬ್ಬರೇ ಅಂಗಡಿಗೆ ಹೋಗಿ ಬರುತ್ತಾರೆ. "ಕಲ್ಲನ್ನು ಪೂರ್ತಿ ರಸ್ತೆಯ ಮಟ್ಟಕ್ಕೆ ಇಳಿಸಬಾರದೆಂದು ಕೆಲಸದವರಿಗೆ ಹೇಳಿ. ಸ್ವಲ್ಪವಾದರೂ ಅಂಚು ಉಳಿಯದಿದ್ದರೆ, ನಾನು ರಸ್ತೆಗೆ ಇಳಿದದ್ದು ನನಗೇ ತಿಳಿಯುವುದಿಲ್ಲ" ಎಂದರು.

ಇಲ್ಲಿ ಫುಟ್‌ಪಾತ್ ದಾಟಿಸಿ ಕಾರನ್ನು ಮನೆಯಂಗಳಕ್ಕೆ ತರಲು 1980ರ ಹೈವೇಸ್ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ದಾರಿ ಮಾಡಿಸಿಕೊಳ್ಳಬೇಕು. ಕಾರು ಹಿಂಭಾಗ ಚಾಚದೆ ನಿಲ್ಲುವಷ್ಟು ಉದ್ದ ಅಂಗಳಕ್ಕಿದೆಯೇ, ನೆಲದಡಿ ನೀರಿನ ಪೈಪು ಅಥವಾ ಕೇಬಲ್ಲು ಹಾದಿದೆಯೇ, ಬೀದಿಯ ಮರದ ಬೇರಿಗೆ ಪೆಟ್ಟಾಗುತ್ತದೆಯೇ ಎಂಬುದನ್ನೆಲ್ಲ ನೋಡಿದ ಮೇಲೆಯೇ ಒಪ್ಪಿಗೆ ಸಿಗುತ್ತದೆ. ಅಂಗಳಕ್ಕೆ ನೀರು ಇಂಗದ ಹಾಸು ಹಾಕಿ ಮಳೆನೀರನ್ನು ರಸ್ತೆಗೆ ಹರಿಯಬಿಡುವುದಾದರೆ, ಐದು ಚದರ ಮೀಟರಿಗಿಂತ ಹೆಚ್ಚಿನ ಜಾಗಕ್ಕೆ 2008ರಿಂದ ಪ್ರತ್ಯೇಕ ಅನುಮತಿ ಬೇಕು. ಖರ್ಚೆಲ್ಲ ನಮ್ಮದು, ಆದರೆ ಹಾಕಿದ ಕಲ್ಲು ನಮ್ಮದಲ್ಲ, ಅದು ಸಾರ್ವಜನಿಕ ರಸ್ತೆಯ ಭಾಗವಾಗಿಯೇ ಉಳಿಯುತ್ತದೆ. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು.

ಕೆಲಸದವರು ಬಂದಾಗ ನಾನು ಬಾಗಿಲಲ್ಲೇ ನಿಂತು ನೋಡಿದೆ. ಸುಮಾರು ಮೂರಡಿ ಉದ್ದದ ಹಳೆಯ ಕಾಂಕ್ರೀಟ್ ಕಲ್ಲುಗಳನ್ನು ಕಿತ್ತು, ಹಸಿ ಕಾಂಕ್ರೀಟಿನ ಮೇಲೆ ತಗ್ಗಿನ ಕಲ್ಲುಗಳನ್ನು ಕೂರಿಸಿ, ಎರಡು ಬದಿಗೂ ಇಳಿಜಾರಿನ ಕಲ್ಲು ಜೋಡಿಸಿದರು. ಮೇಸ್ತ್ರಿ ಟೇಪು ಹಿಡಿದು ರಸ್ತೆಯಿಂದ ಕಲ್ಲಿನ ಎತ್ತರ ಅಳೆದ. ಸರಿಯಾಗಿ 25 ಮಿಲಿಮೀಟರ್, ಅಂದರೆ ಸುಮಾರು ಒಂದು ಅಂಗುಲ. ವೃದ್ಧೆ ಕೇಳಿದ್ದು ನಿಯಮದಲ್ಲಿ ಮೊದಲೇ ಇತ್ತು. ಇಳಿಜಾರನ್ನು ರಸ್ತೆಯ ಕಡೆಯ ಅಂಚಿನಲ್ಲಷ್ಟೇ ಮುಗಿಸಿ, ನಡೆಯುವ ಜಾಗವನ್ನು ಆದಷ್ಟೂ ಸಮತಟ್ಟಾಗಿ ಬಿಟ್ಟರು. ಇಲ್ಲದಿದ್ದರೆ ಗಾಲಿಕುರ್ಚಿ ರಸ್ತೆಯ ಕಡೆಗೆ ವಾಲುತ್ತದಂತೆ. ಮರುದಿನ ಆ ವೃದ್ಧೆ ಬಂದು ಕೋಲಿನ ತುದಿಯನ್ನು ಕಲ್ಲಿನ ಉದ್ದಕ್ಕೂ ಎಳೆದು, ಅಂಚು ಸಿಕ್ಕ ಕಡೆ ಎರಡು ಸಲ ತಟ್ಟಿ, "ಸಿಗುತ್ತದೆ" ಎಂದರು.

ನನಗೆ ಅಮ್ಮನ ನೆನಪಾಗಿ ಸಂಕಟವಾಯಿತು. ಮಂಡಿನೋವು ಶುರುವಾದ ಮೇಲೆ ಬೆಂಗಳೂರಿನ ನಮ್ಮ ಬೀದಿಯಲ್ಲಿ ಅಮ್ಮ ಸಂಜೆ ದೇವಸ್ಥಾನಕ್ಕೆ ಫುಟ್‌ಪಾತಿನ ಮೇಲೆ ಹೋದದ್ದೇ ಇಲ್ಲ. ಒಂದೊಂದು ಗೇಟಿನ ಮುಂದೆಯೂ ಒಂದೊಂದು ಎತ್ತರದ ಸಿಮೆಂಟಿನ ರ‍್ಯಾಂಪು, ನಡುನಡುವೆ ಗಿಡದ ಕುಂಡ, ಸರಪಳಿ, ಅಲುಗಾಡುವ ಮೋರಿ ಚಪ್ಪಡಿ. ಮೂವತ್ತು ಮನೆ ದಾಟಲು ಮೂವತ್ತು ಸಲ ಹತ್ತಿಳಿಯುವುದಕ್ಕಿಂತ, ಹಿಂದಿನಿಂದ ಹಾರ್ನ್ ಹೊಡೆಯುವ ಸ್ಕೂಟರುಗಳ ನಡುವೆ ರಸ್ತೆಯ ಬದಿ ಹಿಡಿದು ಹೋಗುವುದೇ ಅಮ್ಮನಿಗೆ ಸುಲಭವಾಗಿತ್ತು. ಆ ಬೀದಿಯವರು ಕೆಟ್ಟವರಲ್ಲ. ಅಮ್ಮ ಒಮ್ಮೆ ಬಿದ್ದಾಗ ನಾಲ್ಕು ಮನೆಯವರು ಓಡಿ ಬಂದಿದ್ದರು. ಎತ್ತಿ ಕೂರಿಸುವ ಅಷ್ಟು ಪ್ರೀತಿ ಇರುವ ಜನ, ಬೀಳದಂತೆ ದಾರಿ ಬಿಡುವುದನ್ನು ಮಾತ್ರ ಯಾಕೆ ಯೋಚಿಸುವುದಿಲ್ಲ ಎಂಬುದೇ ನನ್ನ ನೋವು.

ತಮ್ಮ ಈಗ ಅಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಇದನ್ನೆಲ್ಲ ಹೇಳಿದಾಗ, "ಅಕ್ಕಾ, ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕ್ತಾರೆ, ರಸ್ತೆ ಏರ್ತಾನೇ ಹೋಗುತ್ತೆ. ಮನೆ ಎತ್ತರಿಸದಿದ್ದರೆ ಮಳೆನೀರು ಹಾಲಿಗೇ ಬರುತ್ತೆ" ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಆ ತಪ್ಪು ಮನೆ ಕಟ್ಟುವವರದೂ ಅಲ್ಲ. ಆದರೆ ಮನೆ ಎಷ್ಟೇ ಎತ್ತರವಿರಲಿ, ಏರು ಗೇಟಿನಿಂದ ಹೊರಗೇ ಶುರುವಾಗಬೇಕೆಂದೇನಿಲ್ಲ. ಪೋರ್ಟಿಕೋವನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಆ ಏರು ಕಾಂಪೌಂಡಿನೊಳಗೇ ಹಿಡಿಯುತ್ತದೆ. ಹೂವಿನ ಪಾತಿಗೆಂದು ಇಟ್ಟ ಜಾಗ ಹೋಗುತ್ತದೆ ಎಂದು ಅವನು ಮೊದಲು ಹಿಂಜರಿದ. ಈಗ ಎಂಜಿನಿಯರ್‌ಗೆ ನಕ್ಷೆ ತಿದ್ದಲು ಹೇಳಿದ್ದಾನೆ.