ಹುಮನಾಬಾದಿನ ದಾರಿಯಲ್ಲಿ ಕಾರ್ಮೆಲ್ ಬೆಟ್ಟ

ಕಲಬುರಗಿಯಿಂದ ಬೀದರ್ ಕಡೆಗೆ ಹೊರಟ ರೈಲಿನಲ್ಲಿ ನನ್ನ ಎದುರಿಗೆ ಅಪೋಸ್ತಲಿಕ್ ಕಾರ್ಮೆಲ್ ಎಂಬ ಕಥೋಲಿಕ ಸಂಸ್ಥೆಯ ಸಿಸ್ಟರ್ ಕುಳಿತಿದ್ದರು. ಶಾಲೆಯಲ್ಲಿ ನನಗೆ ಗಣಿತ ಕಲಿಸಿದವರು. ಈಗ ಎಂಬತ್ತರ ಆಸುಪಾಸು. ಹುಮನಾಬಾದಿನ ಬಳಿಯ ಹಳ್ಳಿಯಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ನೋಡಬೇಕೆಂದರು, ನಾನು ಜೊತೆಯಾದೆ. 2017ರಲ್ಲಿ ಈ ರೈಲು ಮಾರ್ಗ ಆಗುವವರೆಗೆ ನಮಗೆಲ್ಲ ಬಸ್ಸೇ ಗತಿಯಾಗಿತ್ತು.

ಕಿಟಕಿಯಾಚೆ ಹೂಬಿಟ್ಟ ತೊಗರಿ. ಸಿಸ್ಟರ್ ಕೈಯಲ್ಲಿ ಜಪಸರ. ಬಣ್ಣ ಸವೆದು ಮಣಿಗಳ ಮರ ಕಾಣುತ್ತಿತ್ತು. "ನಿಮ್ಮ ಸಂಸ್ಥೆಗೆ ಬೆಟ್ಟದ ಹೆಸರೇಕೆ ಸಿಸ್ಟರ್?" ಎಂದೆ.

ಕಾರ್ಮೆಲ್ ಎಂದರೆ ಬೈಬಲಿನ ಪ್ರವಾದಿ ಎಲೀಯನ ಬೆಟ್ಟ, ಮೌನ ಪ್ರಾರ್ಥನೆಯವರ ನೆಲೆ ಎಂದರು. ಸಂಸ್ಥೆ ಕಟ್ಟಿದ ಮದರ್ ವೆರೋನಿಕಾ, ಹುಟ್ಟುಹೆಸರು ಸೋಫಿ ಲೀವ್ಸ್, 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿದವರು. ಕಥೋಲಿಕರಾಗಿ, ಬೇರೊಂದು ಸಭೆಯ, ಅಂದರೆ ಸನ್ಯಾಸಿನಿಯರ ಸಂಘದ, ಧರ್ಮಭಗಿನಿಯಾಗಿ 1860ರ ದಶಕದಲ್ಲಿ ಕಲ್ಲಿಕೋಟೆಗೆ ಬಂದರು. ಮನಸ್ಸು ಎಳೆಯುತ್ತಿದ್ದದ್ದು ಕಾರ್ಮೆಲ್‌ನ ಏಕಾಂತಕ್ಕೆ. ಕಣ್ಣೆದುರಿಗಿದ್ದದ್ದು ಓದು ಸಿಗದ ಹೆಣ್ಣುಮಕ್ಕಳು. ಎರಡನ್ನೂ ಒಂದೇ ಬದುಕಿನಲ್ಲಿ ಹಿಡಿಯಲೆಂದು 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯನ್ನು ಕಟ್ಟಿದರು. 1870ರ ನವೆಂಬರಿನಲ್ಲಿ ಅದರ ಭಗಿನಿಯರು ಮಂಗಳೂರಿಗೆ ಬಂದಿಳಿದರು. ಅಲ್ಲಿನ ಸೇಂಟ್ ಆಗ್ನೆಸ್ ಕಾಲೇಜು 1921ರಲ್ಲಿ ಅದೇ ಸಭೆಯಿಂದ ಹುಟ್ಟಿತು.

"ಮದರ್ ಮಾತ್ರ ಬರಲಿಲ್ಲ. ಏಕಾಂತದ ಮಠಕ್ಕೇ ಮರಳಿ, 1906ರಲ್ಲಿ ಫ್ರಾನ್ಸಿನ ಪೋದಲ್ಲಿ ತೀರಿಕೊಂಡರು. ತಾವು ನೆಟ್ಟದ್ದು ಮಂಗಳೂರಿನಲ್ಲಿ ಬೆಳೆದದ್ದನ್ನು ಅವರು ಕಣ್ಣಾರೆ ಕಾಣಲಿಲ್ಲ."

ನನ್ನ ಎದೆ ಭಾರವಾಯಿತು. ಬಸವಕಲ್ಯಾಣ ಇಲ್ಲಿಗೆ ದೂರವಿಲ್ಲ. ಈ ಸೀಮೆಯವನಾದ ನನಗೆ ಮೊದಲು ನೆನಪಾದದ್ದು ಕಾಯಕ. ಹಾಗೆಂದಾಗ ಸಿಸ್ಟರ್ ತಲೆಯಾಡಿಸಿದರು. "ಕಾಯಕಕ್ಕೆ ಹತ್ತಿರವೇ. ಆದರೆ ನಮ್ಮಲ್ಲಿ ಮೌನ ಮೊದಲು ಕಣಪ್ಪ. ಬೆಳಗಿನ ಪ್ರಾರ್ಥನೆ ತಪ್ಪಿದ ದಿನ ನನಗೆ ತರಗತಿಯಲ್ಲಿ ಸಿಟ್ಟು ಬೇಗ ಬರುತ್ತಿತ್ತು." ಅಷ್ಟು ವರ್ಷ ಅವರ ತಾಳ್ಮೆಯನ್ನು ಸ್ವಭಾವವೆಂದೇ ತಿಳಿದಿದ್ದೆ.

ಹಳ್ಳಿಯ ಮನೆಯ ಒಳಗಿನಿಂದ ಜೋಳದ ರೊಟ್ಟಿ ಬಡಿಯುವ ಸದ್ದು. ಪುಂಡಿಪಲ್ಯ, ಶೇಂಗಾ ಹಿಂಡಿ ಆಗಲೇ ತಟ್ಟೆಗೆ ಬಂದಿದ್ದವು. ಸಿಸ್ಟರ್ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತರು. ಹಂಚಿನ ಮೇಲೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು. ಕಣ್ಣು ತೆರೆದವರೇ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿಯನ್ನು ಕರೆದರು. "ನಿನ್ನ ಲೆಕ್ಕದ ಪುಸ್ತಕ ತಗೊಂಡು ಬಾ, ನೋಡೋಣ."