ರನ್‌ಫ್ಲಾಟೋ, ಮಾಮೂಲಿ ಟೈರೋ?

ಇವತ್ತು ಟೈರ್ ಅಂಗಡಿಯವರು ಎರಡು ಹೊಸ ಟೈರ್, ಒಂದು ಮಾಮೂಲಿ, ಇನ್ನೊಂದು ಗಾಳಿ ಹೋದ್ರೂ ಓಡೋ ರನ್‌ಫ್ಲಾಟ್, ಪಕ್ಕಪಕ್ಕ ನಿಲ್ಲಿಸಿ, "ಕೈಯಿಟ್ಟು ಒತ್ತಿ ನೋಡಿ ಸಾರ್" ಅಂದ್ರು.

ಮಾಮೂಲಿ ಟೈರಿನ ಸೈಡ್‌ವಾಲ್, ಅಂದ್ರೆ ಪಕ್ಕದ ಭಾಗ, ಅಂಗೈ ಊರಿದ ತಕ್ಷಣ ಬಗ್ಗಿತು. ರನ್‌ಫ್ಲಾಟ್ ಮಾತ್ರ ಜಪ್ಪಯ್ಯ ಅಂದ್ರೂ ಬಗ್ಗಲಿಲ್ಲ.

ಗಾಳಿ ಪೂರ್ತಿ ಹೋದ್ರೂ ಕಾರಿನ ಭಾರ ಹೊರೋದು ರನ್‌ಫ್ಲಾಟ್ ಸೈಡ್‌ವಾಲಿನ ಆ ದಪ್ಪ ರಬ್ಬರೇ. ಗಂಟೆಗೆ 80 ಕಿ.ಮೀ. ವೇಗ ಮೀರದೆ, ಸುಮಾರು 80 ಕಿ.ಮೀ. ದೂರ ಓಡಿಸಬಹುದು. ರಸ್ತೆಯ ಪ್ರತಿ ಗುಂಡಿಯನ್ನೂ ನೇರ ಬೆನ್ನಿಗೆ ತಲುಪಿಸೋದೂ ಅದೇ ರಬ್ಬರು!

ನಮ್ಮದು ಬಿಎಂಡಬ್ಲ್ಯು 3 ಸೀರೀಸ್. ತಿರುವಲ್ಲಿ ಅದನ್ನ ಓಡಿಸೋ ಖುಷಿಗೇ ತಗೊಂಡಿದ್ದು. ಮೆತ್ತಗಿನ ಟೈರ್ ಹಾಕಿದ್ರೆ ಆ ಖುಷಿ ಇನ್ನೂ ಹೆಚ್ಚು, ದುಡ್ಡೂ ಕಮ್ಮಿ. ಮನಸ್ಸು ಆ ಕಡೆಗೇ ವಾಲಿತ್ತು.

ಆದ್ರೆ ಇದೇ ಕಾರಲ್ಲಿ ನನ್ನ ಹೆಂಡತಿ ಒಬ್ಬಳೇ ಮಂಗಳೂರಿಗೆ, ತವರಿಗೆ, ಹೋಗಿಬರ್ತಾಳೆ. ಶಿರಾಡಿ ಘಾಟಿ, ರಾತ್ರಿ ಹೊತ್ತು, ಜೋರು ಮಳೆ, ಹಿಂದೆ ಸಾಲು ಲಾರಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ. ಪಂಕ್ಚರ್ ಕಿಟ್‌ನ ಅಂಟು ಮೊಳೆ ಚುಚ್ಚಿದ ತೂತಿಗೆ ಸರಿ, ಸೈಡ್‌ವಾಲ್ ಹರಿದ್ರೆ ಉಪಯೋಗಕ್ಕೆ ಬರಲ್ಲ. ಸಕಲೇಶಪುರದಿಂದ ಹಾಸನ ಸುಮಾರು 40 ಕಿ.ಮೀ. ಕತ್ತಲಲ್ಲಿ ಸಹಾಯಕ್ಕೆ ಕಾಯ್ತಾ ರಸ್ತೆಬದಿ ನಿಲ್ಲೋ ಬದಲು, ನಿಧಾನಕ್ಕೆ ಓಡಿಸ್ಕೊಂಡು ಊರು ಸೇರಬಹುದಲ್ಲ?

ಅಷ್ಟು ಹೊಳೆದ ಮೇಲೆ ಯೋಚನೆ ಮಾಡೋಕೆ ಏನೂ ಉಳೀಲಿಲ್ಲ. ನಾಲ್ಕಕ್ಕೂ ರನ್‌ಫ್ಲಾಟೇ.

ಹಾಕಿಸೋರು ಪ್ರೆಷರ್ ಸೆನ್ಸರ್ ಕೆಲಸ ಮಾಡ್ತಿದೆಯಾ ಅಂತಾನೂ ನೋಡಿಸಿ. ಇಂಥ ಟೈರಲ್ಲಿ ಗಾಳಿ ಹೋಗಿದ್ದು ಕಣ್ಣಿಗೆ ಕಾಣೋದೇ ಇಲ್ಲ.